ಆಮ್ಲ ಕಚ್ಚಿದ ಆಕಾಶ

ಪೋಲೆಂಡ್ ಸ್ಟ್ರೀಟ್, ಸೋಹೋ
ಲಂಡನ್
ಶುಕ್ರವಾರ, ಏಪ್ರಿಲ್ ೨೦, ೧೮೩೮

ನನ್ನ ಮುದ್ದು ತಂಗಿ ಸಿಸ್ಲಿ,

ಇಲ್ಲಿ ಅಪ್ಪನೂ ನಾನೂ ಆರೋಗ್ಯವಾಗಿದ್ದೇವೆ. ನೀನು, ರಾಬರ್ಟ್, ಮಕ್ಕಳು ಲೀತ್‌ನ ಆ ಸಮುದ್ರದ ಗಾಳಿಗೆ ಕೆಮ್ಮು ನೆಗಡಿ ಹತ್ತಿಸಿಕೊಳ್ಳದೆ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಫೆಬ್ರವರಿಯಲ್ಲೇ ಕೈಸೇರಿತು. ಉತ್ತರಕ್ಕೆ ಇಷ್ಟು ತಡ ಮಾಡಿದ್ದಕ್ಕೆ ಬೈದುಕೊಂಡಿರುತ್ತೀಯ. ಬೈದುಕೊ, ತಪ್ಪೇನಿಲ್ಲ. ಕೆಲಸ ಹೆಚ್ಚಿತ್ತು ಎಂದು ಬರೆಯೋಣವೆಂದರೆ ನೀನು ನಂಬುವವಳಲ್ಲ. ಈ ಮನೆಗೆ ಈಗ ಎಷ್ಟು ಕೆಲಸ ಬರುತ್ತದೆ ಎಂದು ನಿನಗೆ ಗೊತ್ತೇ ಇದೆ. ಎಷ್ಟೋ ಸಲ ಬರೆಯಲು ಕೂತು, ದೀಪದ ಬತ್ತಿ ಸರಿಮಾಡುವ ನೆಪದಲ್ಲಿ ಎದ್ದು ಹೋಗಿದ್ದೇನೆ. ಹೇಗೂ ಅಂಚೆಯವನು ದುಡ್ಡು ಕೀಳುವುದು ಓದುವವರ ಹತ್ತಿರ, ಬರೆಯುವವರ ಹತ್ತಿರವಲ್ಲ. ಅದಕ್ಕೇ ಈ ಸಲ ಹಾಳೆಯ ಮೂಲೆಮೂಲೆ ತುಂಬಿಸಿ, ರಾಬರ್ಟ್ ಕೊಡುವ ದುಡ್ಡಿಗೆ ಮೋಸವಾಗದ ಹಾಗೆ ನೋಡಿಕೊಳ್ಳುತ್ತೇನೆ.

ನೀನು ಎರಡು ಕೇಳಿದ್ದೆ. ಒಂದು, ನಮ್ಮ ಮೆಟ್ಟಿಲ ಗೋಡೆಯ ಮೇಲಿದ್ದ, ವೇಲ್ಸಿನ ಅಸ್ಕ್ ಹೊಳೆಯ ಚಿತ್ರದ ಒಂದು ಪ್ರತಿ, ನಿನ್ನ ಮನೆಯ ಬೆಂಕಿಗೂಡಿನ ಮೇಲೆ ಹಾಕಿಕೊಳ್ಳಲಿಕ್ಕೆ. ಇನ್ನೊಂದನ್ನು ಕಾಗದದ ಕೊನೆಯಲ್ಲಿ, ಬೇರೆ ಶಾಯಿಯಲ್ಲಿ ಬರೆದಿದ್ದೆ. ಬರೆಯಲೋ ಬೇಡವೋ ಎಂದು ಒಂದು ದಿನ ಯೋಚಿಸಿದೆ ಅಂತ ಕಾಣುತ್ತದೆ. ಅಪ್ಪನಿಗೆ ನನ್ನ ನೆನಪಿದೆಯಾ ಅಕ್ಕಾ, ಎದುರು ಬಂದು ನಿಂತರೆ ಗುರುತು ಹಿಡಿಯುತ್ತಾರಾ? ಹಿಡಿಯುತ್ತಾರೆ ಅಂದರೆ ಜೂನ್‌ನಲ್ಲಿ ಹಡಗು ಹತ್ತಿ ಬಂದುಬಿಡುತ್ತೇನೆ. ಇಲ್ಲ ಅಂದರೆ ನನ್ನ ಮನಸ್ಸಿನಲ್ಲಿ ಅಪ್ಪ ಮೊದಲು ಹೇಗಿದ್ದರೋ ಹಾಗೇ ಇರಲಿ. ಇದು ನಿನ್ನ ಮಾತು.

ನೆನಪಿದೆ, ಸಿಸ್ಲಿ. ದಿನಕ್ಕೆ ಹತ್ತು ಸಲ ನಿನ್ನ ಹೆಸರು ಅವರ ಬಾಯಲ್ಲಿ ಬರುತ್ತದೆ. ಉಳಿದದ್ದರಲ್ಲಿ ಬಹಳ ಹೋಗಿದೆ, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ಮರೆತಿದ್ದಾರೆ. ತಿಂಡಿ ತಿಂದ ತಟ್ಟೆ ಕೈಯಲ್ಲಿರುವಾಗಲೇ ತಿಂಡಿ ಯಾವಾಗ ಅಂತ ಕೇಳುತ್ತಾರೆ. ಅಮ್ಮ ಎಲ್ಲಿ ಅಂದರೆ ಮಾರ್ಕೆಟ್ಟಿಗೆ ಹೋಗಿದ್ದಾಳೆ ಅನ್ನುತ್ತೇನೆ. 'ಇಷ್ಟು ಹೊತ್ತು ಏನ್ಮಾಡ್ತಾಳೆ ಅಲ್ಲಿ, ಮೀನಿನವನ ಹತ್ರ ಚೌಕಾಸಿ ಶುರು ಮಾಡಿರ್ತಾಳೆ' ಎಂದು ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ. ಬದುಕಿದ್ದಾಗ ಮಾಡುತ್ತಿದ್ದಳಲ್ಲ, ಪಾಪ.

ಹಾಗಿದ್ದರೆ ಬಾ ಅಂದುಬಿಡು ಅಕ್ಕಾ ಅನ್ನುತ್ತೀಯ. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲು ಚಿತ್ರದ ಕಥೆ ಕೇಳು.

ಅಸ್ಕ್ ಹೊಳೆಯ ಚಿತ್ರ ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಮೆಟ್ಟಿಲ ಹತ್ತಿರ ಇದ್ದದ್ದು ತೇವಕ್ಕೆ ಬೂಸ್ಟು ಹಿಡಿದು ಹೋಯಿತು. ಅಪ್ಪನ ಚಿತ್ರಗಳನ್ನು ಮಾಡಿಸಿ ಮಾರುತ್ತಿದ್ದ ಕ್ರಾಬ್‌ಟ್ರೀ ಅವರ ಅಂಗಡಿಯಲ್ಲಿರಬಹುದು ಎಂದು ಕೇಳಿ ಕಳಿಸಿದರೆ ಅವರೇ ಬಂದರು. ಅದೇ ಹೊಟ್ಟೆ, ಅದೇ ಹಳದಿ ಕೈಗವಸು. ಈಗ ತಾಮ್ರದ ಸಹವಾಸವನ್ನೇ ಬಿಟ್ಟು ಕಲ್ಲಚ್ಚು ಹಿಡಿದಿದ್ದಾರೆ. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಲ್ಲಿ ಬೆಳಿಗ್ಗೆ ಗೀಚಿದ್ದು ಸಂಜೆಗೆ ಅಂಗಡಿಯ ಕಿಟಕಿಯಲ್ಲಿರುತ್ತದೆ. ರಾಣಿಯ ಪಟ್ಟಾಭಿಷೇಕ ನಡೆಯುವುದು ಜೂನ್ ಕೊನೆಗೆ. ಇವರ ಹತ್ತಿರ ಮೆರವಣಿಗೆಯ ಚಿತ್ರ ಈಗಾಗಲೇ ಅರ್ಧ ಸಿದ್ಧ, ನೋಡಿ ಬರೆದ ಹಾಗೆ.

'ತಾಮ್ರ ಉಜ್ಜೋವರ್ಗೂ ಕಾಯಿ, ರಾಳ ಒಣಗೋವರ್ಗೂ ಕಾಯಿ, ಆಮ್ಲ ಕಚ್ಚೋವರ್ಗೂ ಕಾಯಿ. ನಿಮ್ಮ ಅಪ್ಪನಿಗೆ ಕಾದು ಕಾದೇ ನನ್ನ ಕೂದಲು ಹೋಯ್ತು, ಮಿಸ್ ಪೆನ್‌ಫೋಲ್ಡ್' ಅಂದರು.

'ಅದಕ್ಕೂ ಮುಂಚೇನೇ ಹೋಗಿತ್ತು ಸಾರ್. ನಾನು ಚಿಕ್ಕೋಳಿದ್ದಾಗ್ಲೇ ನೋಡಿದೀನಿ' ಅಂದೆ.

ನಕ್ಕರು, ಆದರೆ ಸುದ್ದಿ ಚೆನ್ನಾಗಿರಲಿಲ್ಲ. ಅಪ್ಪನ ವೇಲ್ಸ್ ಚಿತ್ರಗಳ ತಾಮ್ರದ ತಗಡುಗಳನ್ನೆಲ್ಲ ಕಂಚುಗಾರರ ಬೀದಿಗೆ ಕೊಟ್ಟುಬಿಟ್ಟರಂತೆ. ಬಡಿದು, ಮಟ್ಟಮಾಡಿ, ಯಾರದೋ ಸಾರಿನ ಪಾತ್ರೆಯ ತಳವಾಗಿರಬೇಕು ಈಗ. ಹೋಗುವಾಗ ಅಪ್ಪನ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತರು. 'ಪೆನ್‌ಫೋಲ್ಡ್, ನನ್ನ ಗುರುತು ಸಿಗ್ತಾ?' ಅಂದದ್ದಕ್ಕೆ ಅಪ್ಪ ಅವರ ಹೊಟ್ಟೆಯನ್ನೇ ನೋಡುತ್ತಾ 'ನೀವು ಚೆನ್ನಾಗಿ ಊಟ ಮಾಡ್ತೀರಿ' ಅಂದರು. ಆ ಮನುಷ್ಯನ ಕಣ್ಣಲ್ಲಿ ನೀರು ಬಂತು. ನಾವು ಅವರನ್ನು ಎಷ್ಟು ಬೈದುಕೊಂಡಿದ್ದೇವೆ, ಆದರೂ ಬಂತು.

ಅಸ್ಕ್ ಹೊಳೆಯದು ಮಾತ್ರ ಅವರ ಕಣ್ಣಿಗೆ ಬೀಳದೆ ಉಳಿದಿತ್ತು. ಎಲ್ಲಿ ಅಂತೀಯ? ನಮ್ಮ ಅಡುಗೆಮನೆಯ ಹಿಟ್ಟಿನ ಮಡಕೆಯ ಮೇಲೆ. ವರ್ಷಗಳಿಂದ ನಾನೇ ಅದನ್ನು ಮುಚ್ಚಳ ಮಾಡಿಕೊಂಡಿದ್ದೇನೆ, ಮರೆತೇಹೋಗಿತ್ತು. ಹಿಟ್ಟು ಒರೆಸಿ ಬೆಳಕಿಗೆ ಹಿಡಿದೆ. ಸೂಜಿಯಲ್ಲಿ ಕೊರೆದ ಗೆರೆಗಳೆಲ್ಲ ಗಟ್ಟಿಯಾಗಿವೆ: ಸೇತುವೆ ಇಲ್ಲದ ಆ ಹೊಳೆ, ಆಚೆ ದಡದ ಆಲ್ಡರ್ ಮರಗಳು, ಬಂಡೆ. ಛಾಯೆ ಮಾತ್ರ ಪೂರ್ತಿ ಸವೆದಿದೆ. ರಾಳದ ಕಾಳುಗಳ ನಡುವೆ ಆಮ್ಲ ಕಚ್ಚಿಸಿ ಛಾಯೆ ತರುವ ಅಕ್ವಾಟಿಂಟ್ ತಗಡಿನ ಹಣೆಬರಹ ನಿನಗೆ ಗೊತ್ತಲ್ಲ. ಹಾಳೆಯ ಮೇಲೆ ಹಾಳೆ ಒತ್ತಿ ತೆಗೆಯುತ್ತಾ ಹೋದ ಹಾಗೆ ಮೊದಲು ಆಕಾಶ ಹೋಗುತ್ತದೆ, ಆಮೇಲೆ ದೂರದ ಗುಡ್ಡ. ಹತ್ತಿರದ ಮರ ಬಂಡೆ ಕೊನೆಯವರೆಗೂ ಕೂತಿರುತ್ತವೆ. ಅಪ್ಪನ ತಲೆಯಲ್ಲಿ ಇದು ತಿರುಗುಮುರುಗಾಗಿದೆ. ಹತ್ತಿರದ್ದೇ ಮೊದಲು ಹೋಯಿತು.

ಆ ತಗಡನ್ನು ಅವರ ಕೈಗೆ ಕೊಟ್ಟೆ, ಸುಮ್ಮನೆ, ನೋಡಲಿ ಅಂತ. ಹೆಬ್ಬೆರಳಿನಲ್ಲಿ ಆಕಾಶದ ಜಾಗ ಸವರಿದರು. 'ಬೋಳಾಗಿದೆ. ಮತ್ತೆ ರಾಳ ಹಾಕಿ ಕಚ್ಚಿಸ್ಬೇಕು' ಅಂದರು. ಒಂದು ವರ್ಷದಿಂದ ಇಷ್ಟು ಉದ್ದದ, ಅರ್ಥವಿರುವ ಮಾತು ಅವರ ಬಾಯಲ್ಲಿ ಕೇಳಿರಲಿಲ್ಲ ನಾನು. ನೀನು ಚಿತ್ರ ಕೇಳಿದ್ದೆ, ಅವರು ಮಾಡೋಣ ಅಂದರು. ಇನ್ನೇನು ಬೇಕು?

ಸಿಸ್ಲಿ, ರಾಳ ಹಾಕುವ ದಿನಗಳು ನೆನಪಿವೆಯಾ? ಮನೆಯಲ್ಲಿ ಯಾರೂ ಓಡಾಡಬಾರದು, ಬಾಗಿಲು ತೆಗೆಯಬಾರದು, ಸೀನಬಾರದು. ಬೆಕ್ಕನ್ನು ಕಲ್ಲಿದ್ದಲಿನ ಕೋಣೆಗೆ ಕೂಡಿಹಾಕುತ್ತಿದ್ದೆವು. ಅಮ್ಮನನ್ನೂ ಹೆಚ್ಚುಕಡಿಮೆ ಹಾಗೇ. ನೀನು ಆ ಐದಾರು ಹುಡುಗಿಯರ ಜೊತೆ ಕಿಟಕಿಯ ಮೇಜಿನಲ್ಲಿ ಬಣ್ಣ ಹಾಕುತ್ತಾ ಕೂತಿರುತ್ತಿದ್ದೆ, ನಗು ತಡೆಯಲಾರದೆ ಮುಖ ಕೆಂಪಾಗಿರುತ್ತಿತ್ತು. ಅಸ್ಕ್ ಹೊಳೆಯ ಆ ಬೆಳಗಿನ ಹಳದಿಯನ್ನು ನೀನೊಬ್ಬಳೇ ನೂರಾರು ಹಾಳೆಗೆ ಬಳಿದಿರಬೇಕು. ಕಾಸಿಗೊಂದು ಸೂರ್ಯ ಎಂದು ಹಾಡಿಕೊಳ್ಳುತ್ತಿದ್ದೆ. ನಾನು ಅಪ್ಪನ ಪಕ್ಕದಲ್ಲಿ ಸಣ್ಣ ಕುಂಚ ಹಿಡಿದು, ಆಮ್ಲ ಮುಟ್ಟಬಾರದ ಕಡೆಯೆಲ್ಲ ವಾರ್ನಿಶ್ ಹಚ್ಚುವವಳು. ಮೋಡದ ಅಂಚು, ನೀರಿನ ಹೊಳಪು, ಹೊಗೆ. ಚಿತ್ರದಲ್ಲಿ ಎಲ್ಲೆಲ್ಲಿ ಏನೂ ಇಲ್ಲವೋ ಅದೆಲ್ಲ ನಮ್ಮಕ್ಕನ ಕೈಕೆಲಸ ಎಂದು ಬಂದವರ ಮುಂದೆ ರೇಗಿಸುತ್ತಿದ್ದೆಯಲ್ಲೇ, ಕತ್ತೆ. ಆಗ ಕೋಪ ಬರುತ್ತಿತ್ತು. ಈಗ ಆ ಮೇಜು, ಆ ಹುಡುಗಿಯರು, ಆ ಗಲಾಟೆ ಎಲ್ಲ ವಾಪಸ್ಸು ಬರುವುದಾದರೆ ಇನ್ನೂ ನಾಲ್ಕು ಮಾತು ಅನ್ನಿಸಿಕೊಳ್ಳುತ್ತೇನೆ.

ರಾಳ ಕರಗಿಸಲು ಒಳ್ಳೆಯ ಸಾರಾಯಿ ಬೇಕಲ್ಲ, ಪ್ರೆಸ್ಸಿನ ಜೋಬ್‌ಗೆ ಹೇಳಿ ತರಿಸಿದೆ. ನಮ್ಮ ಜೋಬ್ ಇನ್ನೂ ಇದ್ದಾನೆ, ಬೆನ್ನು ಬಾಗಿದೆ, ಮೂಗು ಇನ್ನಷ್ಟು ಕೆಂಪಾಗಿದೆ. ಬುಡ್ಡಿಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದ. 'ರಾಳ ಒಂದು ಹಾಕದೇ ಇದ್ರೆ ಇದೆಷ್ಟು ಒಳ್ಳೇ ವಸ್ತು ಅಮ್ಮಾವ್ರೆ' ಅಂದ.

'ನೀನು ಮೂಸಿ ನೋಡೋದ್ರಲ್ಲೇ ಅರ್ಧ ಖಾಲಿಯಾಗತ್ತೆ. ಅಲ್ಲಿಡು' ಅಂದೆ.

ಗಾಳಿ ಇಲ್ಲದ, ತೇವ ಇಲ್ಲದ ಒಂದು ಬೆಳಿಗ್ಗೆ ನೋಡಿಕೊಂಡು ಶುರುಮಾಡಿದೆವು. ಸವೆದ ಛಾಯೆಯನ್ನು ನಾನು ಮೊದಲೇ ಉಜ್ಜಿ ತಗಡನ್ನು ಕನ್ನಡಿಯಂತೆ ಮಾಡಿಟ್ಟಿದ್ದೆ. ಅಪ್ಪ ಅದನ್ನು ಎಡಗೈಯಲ್ಲಿ ಓರೆಯಾಗಿ ಹಿಡಿದು, ಬಲಗೈಯಲ್ಲಿ ರಾಳದ ನೀರನ್ನು ಮೇಲಂಚಿನಿಂದ ಸುರಿದರು. ಒಂದೇ ಸಲ, ನಿಲ್ಲಿಸದೆ. ಗುಂಡಿ ಹಾಕಿಕೊಳ್ಳಲು ಬಾರದ ಕೈ ಅದು! ಸಾರಾಯಿ ಆರಿದ ಮೇಲೆ ರಾಳ ಒಡೆದು, ತಗಡಿನ ತುಂಬ ಸಣ್ಣ ಕಾಳು ಕೂತಿತು, ಎಲ್ಲ ಕಡೆ ಒಂದೇ ಸಮ. ನಾನು ಮಾಡಿದ್ದರೆ ಅರ್ಧ ದೊಡ್ಡದು ಅರ್ಧ ಸಣ್ಣದು ಆಗುತ್ತಿತ್ತು. ನನಗೆ ಅಳು ಬಂತು. ಸೀನು ಬಂದ ಹಾಗೆ ಮುಖ ತಿರುಗಿಸಿಕೊಂಡೆ.

ಆಮೇಲೆ ನನ್ನ ಸರದಿ. ಹಳೆಯ ಚಿತ್ರ ಹೇಗಿತ್ತೆಂದು ನೆನಪು ಮಾಡಿಕೊಂಡು ಮೋಡದ ಅಂಚಿಗೆ, ನೀರಿನ ಮೇಲಿನ ಎರಡು ಹೊಳಪಿಗೆ ವಾರ್ನಿಶ್ ಹಚ್ಚಿದೆ. ತಗಡಿನ ಸುತ್ತ ಮೇಣದ ಕಟ್ಟೆ ಕಟ್ಟಿದೆ. ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ನಾನು ಕಟ್ಟೆಯೊಳಗೆ ಆಮ್ಲ ಸುರಿದು, ಗುಳ್ಳೆ ಸರಿಸಲು ಗರಿ ಹಿಡಿದು ನಿಂತೆ.

ಅಪ್ಪ ದಾರಿ ಹೇಳಲು ಶುರುಮಾಡಿದರು.

ಬೇರೆಯವರ ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಆಮ್ಲ ಕಚ್ಚಿಸುತ್ತಾರೆ. ನಮ್ಮಲ್ಲಿ ಲಂಡನ್ನಿನಿಂದ ವೇಲ್ಸಿಗೆ ಹೋಗುವ ಕೋಚಿನ ದಾರಿ. ಊರೂರಿನ ಹೆಸರು, ಅಲ್ಲಲ್ಲಿ ಏನಾಯಿತು ಎಂಬ ಮಾತು, ಪ್ರತಿ ಸಲವೂ ಅದೇ ಮಾತು, ಅದೇ ನಿಧಾನ. ಹೆಚ್ಚು ಹೊತ್ತು ಕಚ್ಚಿದಷ್ಟೂ ಛಾಯೆ ಕಪ್ಪು. ಆಕಾಶಕ್ಕೆ ಆಕ್ಸ್‌ಫರ್ಡ್ ತನಕ. ದೂರದ ಗುಡ್ಡಕ್ಕೆ ಗ್ಲಾಸ್ಟರ್ ತನಕ. ಮರ, ಬಂಡೆಗಳಿಗೆ ಮನ್ಮತ್ ದಾಟಬೇಕು. ದಾರಿ ಹೇಳುವವರೇ ಗಾಡಿ ಹೊಡೆಯುವವರು. ಅವರು 'ಇಳೀರಿ' ಅಂದಾಗಲೇ ಆಮ್ಲ ಚೆಲ್ಲಬೇಕು, ಅಲ್ಲಿಯವರೆಗೆ ಯಾರೂ ತುಟಿ ಬಿಚ್ಚಬಾರದು. ನೀನು ಒಮ್ಮೆ ಬೀಕನ್ಸ್‌ಫೀಲ್ಡ್ ಹತ್ತಿರ 'ಅಪ್ಪಾ ಉಚ್ಚೆ' ಅಂದದ್ದು, ಅಪ್ಪ ಮುಖ ತಿರುಗಿಸದೆ 'ವಿಕಂಬ್‌ನಲ್ಲಿ ನಿಲ್ಸ್ತೀನಿ, ತಡ್ಕೋ' ಅಂದದ್ದು, ಆಮೇಲೆ ನೀನು ತಡೆದುಕೊಳ್ಳದೆ ಇದ್ದದ್ದು. ಇದನ್ನು ರಾಬರ್ಟ್‌ಗೆ ಓದಿ ಹೇಳಬೇಡ.

'ಅಕ್ಸ್‌ಬ್ರಿಜ್. ಕುದುರೆ ಬದಲಾಯ್ತು, ಕರೀದಕ್ಕೆ ಕಾಲು ನೋವು' ಅಂದರು ಅಪ್ಪ. ಅದೇ ದನಿ, ಅದೇ ಎಳೆತ. 'ಬೀಕನ್ಸ್‌ಫೀಲ್ಡ್. ಇಲ್ಲಿನ ಹಂದಿಮಾಂಸದ ಪೈ ಯಾರೂ ತಿನ್ಬಾರ್ದು. ವಿಕಂಬ್. ಎಲ್ಲಿ ನೋಡಿದ್ರೂ ಕುರ್ಚಿ ಮಾಡೋರು, ಕೂರೋಕೆ ಒಬ್ರಿಗೂ ಪುರಸೊತ್ತಿಲ್ಲ.' ಅಲ್ಲಿಂದ ಮುಂದೆ ಆಕ್ಸ್‌ಫರ್ಡ್. ಗೋಪುರಗಳು ಕಾಣಬೇಕು, ಗಂಟೆ ಕೇಳಬೇಕು, ಇಳೀರಿ ಅನ್ನಬೇಕು. ಅಪ್ಪನಿಗೆ ಅದು ಸಿಗಲಿಲ್ಲ. ಕಣ್ಣು ಕೋಣೆಯಲ್ಲೆಲ್ಲ ಓಡಾಡಿತು. ಆಮೇಲೆ ಮುಖ ಅರಳಿತು.

'ಅಕ್ಸ್‌ಬ್ರಿಜ್' ಅಂದರು. 'ಕುದುರೆ ಬದಲಾಯ್ತು, ಕರೀದಕ್ಕೆ ಕಾಲು ನೋವು.'

ಮತ್ತೆ ಬೀಕನ್ಸ್‌ಫೀಲ್ಡ್, ಮತ್ತೆ ವಿಕಂಬ್. ಮತ್ತೆ ಅಕ್ಸ್‌ಬ್ರಿಜ್. ಗಾಡಿ ಆಕ್ಸ್‌ಫರ್ಡ್ ಮುಟ್ಟಲೇ ಇಲ್ಲ, ಸಿಸ್ಲಿ. ಆಮ್ಲ ಕಚ್ಚುತ್ತಲೇ ಇತ್ತು. ತಗಡಿನ ಮೇಲೆ ಗುಳ್ಳೆ ಬೂದಿಯ ಬಣ್ಣಕ್ಕೆ ತಿರುಗಿತು. ನಾನು ಗರಿಯಲ್ಲಿ ಸರಿಸುತ್ತಲೇ ಇದ್ದೆ. ಆಕಾಶ ಹಾಳಾಗುತ್ತಿದೆ ಎಂದು ಗೊತ್ತಿತ್ತು. ನೀನು ಕೇಳಬಹುದು, ಚೆಲ್ಲಬಾರದಿತ್ತೇ ಅಂತ. ಹೇಗೆ ಚೆಲ್ಲಲಿ? ನಾನು ಕೈಹಾಕಿದ್ದರೆ ತಾವು ದಾರಿ ತಪ್ಪಿದ್ದು ಅವರಿಗೆ ಗೊತ್ತಾಗುತ್ತಿತ್ತು. ಅಷ್ಟೇ ಅಲ್ಲ, ನನಗೆ ಆ ದಾರಿ ಮುಗಿಯುವುದು ಬೇಕಿರಲಿಲ್ಲ. ಅವರ ಮಾತು ಕೇಳುತ್ತಾ ಗರಿ ಹಿಡಿದು ನಿಂತಿದ್ದರೆ ಪಕ್ಕದ ಕೋಣೆಯಲ್ಲಿ ನೀವೆಲ್ಲ ಬಣ್ಣ ಹಾಕುತ್ತಿದ್ದೀರಿ ಅನ್ನಿಸುತ್ತಿತ್ತು. ಅಮ್ಮ ಕೆಳಗೆ ಪಾತ್ರೆ ಸದ್ದು ಮಾಡದ ಹಾಗೆ ನೋಡಿಕೊಳ್ಳುತ್ತಿದ್ದಾಳೆ ಅನ್ನಿಸುತ್ತಿತ್ತು.

ಕೊನೆಗೆ ಅವರೇ ನಿಲ್ಲಿಸಿದರು. ನನ್ನ ಕೈಯ ಗರಿಯನ್ನು ನೋಡಿ, 'ಊರು ಬಂತಾ?' ಅಂದರು.

'ಬಂತಪ್ಪ. ಇಳಿಯೋಣ' ಅಂದೆ. ಆಮ್ಲ ಚೆಲ್ಲಿದೆ.

ಮುಂದಿನ ಗುಡ್ಡ, ಮರಗಳ ಕಚ್ಚುವಿಕೆಗೆ ಕೈಹಾಕಲಿಲ್ಲ. ಮೊದಲನೆಯದರಲ್ಲೇ ಎಲ್ಲ ಕಚ್ಚಿಹೋಗಿತ್ತು. ತೊಳೆದು, ಒರೆಸಿ, ಮಾರನೆಯ ದಿನ ಕೆಳಗಿನ ನಮ್ಮ ಪ್ರೆಸ್ಸಿನಲ್ಲಿ ಜೋಬ್ ಕೈಯಲ್ಲಿ ಒಂದು ಪ್ರತಿ ತೆಗೆಸಿದೆ. ಪ್ರೆಸ್ಸಿನಿಂದ ಒದ್ದೆ ಹಾಳೆಯನ್ನು ಬಿಡಿಸಿ ಎತ್ತಿ ಹಿಡಿದವನು 'ಯಾರು ಸತ್ರು ಅಮ್ಮಾವ್ರೆ?' ಅಂದ. ಆಕಾಶ ಅಷ್ಟು ಕಪ್ಪಾಗಿತ್ತು. ನೀನು ಬಳಿಯುತ್ತಿದ್ದ ಬೆಳಗಿನ ಬಿಸಿಲಿಗೆ ಅಲ್ಲಿ ಜಾಗವೇ ಇಲ್ಲ. ಗುಡ್ಡ, ಮರ, ಆಕಾಶ ಎಲ್ಲ ಒಂದೇ ಕತ್ತಲೆ, ಮೋಡದ ಕೆಳಗೆ ಬೆಳ್ಳಗೆ ಒಂದು ಸೀಳು, ನೀರಿನ ಮೇಲೆ ಎರಡು ಹೊಳಪು. ಮುಸ್ಸಂಜೆ, ಮಳೆ ಇನ್ನೇನು ಬಿತ್ತು ಅನ್ನುವ ಹೊತ್ತು. ಅಪ್ಪನಿಗೆ ತೋರಿಸಬಾರದೆಂದೇ ಇದ್ದೆ. ಆದರೆ ಅವರು ಪ್ರೆಸ್ಸಿನ ಸದ್ದು ಕೇಳಿ ಕೆಳಗಿಳಿದು ಬಂದಿದ್ದರು, ಕಾಲಿಗೆ ಒಂದೇ ಬೂಟು.

ಹಾಳೆಯನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ ಬಹಳ ಹೊತ್ತು ನೋಡಿದರು. ಜೋಬ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

'ಈಗ ಸರಿಯಾಯ್ತು' ಅಂದರು ಅಪ್ಪ. 'ಅವತ್ತು ಹೀಗೇ ಇತ್ತು. ಬಿಸಿಲು ಗಿಸಿಲು ಏನೂ ಇರ್ಲಿಲ್ಲ. ಆ ಕ್ರಾಬ್‌ಟ್ರೀ, ಮಳೆ ಚಿತ್ರ ಯಾರು ಗೋಡೆಗೆ ಹಾಕ್ಕೋತಾರೆ ಅಂತ ಬಿಸಿಲು ಹಾಕಿಸ್ದ.'

ಕ್ರಾಬ್‌ಟ್ರೀ ಎಂಬ ಹೆಸರು ಬಂತು ನೋಡು. ಮನುಷ್ಯ ಎದುರು ನಿಂತಾಗ ಬರಲಿಲ್ಲ.

ಆಮೇಲೆ ಅವರು ಕಿಟಕಿಯ ಕಟ್ಟೆಯ ಮೇಲೆ ಕೂತು ಆ ದಿನದ ಕಥೆ ಹೇಳಿದರು. ನೀನು ಎದುರಿಗೇ ಕೂತಿದ್ದೀಯ ಅನ್ನುವ ಹಾಗೆ ಹೇಳಿದರು, ಅವರ ಬಾಯಲ್ಲಿ ಬಂದ ಹಾಗೇ ಬರೆಯುತ್ತೇನೆ: 'ಹೊಳೆ ಏರ್ತಾ ಇತ್ತು. ಆಚೆ ದಡದಲ್ಲಿ ನಾವು ಇಳ್ಕೊಂಡಿದ್ದ ಮನೆ. ನಿಮ್ಮಮ್ಮ ಬುಟ್ಟಿ ತಲೆ ಮೇಲಿಟ್ಕೊಂಡು ಮುಂದೆ ಹೋದ್ಲು, ನಾನು ನಿನ್ನ ಹೆಗಲ ಮೇಲೆ ಕೂರಿಸ್ಕೊಂಡೆ. ನೀನು ನನ್ನ ಎರಡೂ ಕಿವಿ ಹಿಡ್ಕೊಂಡಿದ್ದೆ, ಕುದುರೆ ಕಿವಿ ಹಿಡ್ದಂಗೆ. ನಡು ಹೊಳೇಲಿ ಕಾಲು ಜಾರ್ತು. ಕಿವಿ ಬಿಡ್ಲಿಲ್ಲ ಪುಣ್ಯಾತ್ಗಿತ್ತಿ. ಆಚೆ ದಡಕ್ಕೆ ಬಂದು ಇಳಿ ಅಂದ್ರೂ ಬಿಡ್ಲಿಲ್ಲ. ಒಬ್ಳು ಮುದುಕಿ ಬಂದು ಬಿಸಿ ಹಾಲು ತೋರಿಸಿದ್ಮೇಲೇ ಬಿಟ್ಟಿದ್ದು. ಒಂದು ವಾರ ನನ್ನ ಕಿವಿ ಕೆಂಪಗಿತ್ತು.' ಹೇಳಿ ತಮ್ಮ ಕಿವಿಗಳನ್ನು ಮುಟ್ಟಿ ನೋಡಿಕೊಂಡು ನಕ್ಕರು. ಜೋಬ್ ಕೂಡ ನಕ್ಕ. ಇಷ್ಟು ನಗು ಈ ಮನೆಯಲ್ಲಿ ಕೇಳಿ ಬಹಳ ಕಾಲವಾಗಿತ್ತು.

ನೋಡಿದೆಯಾ, ನಿನ್ನನ್ನು ಮರೆತಿಲ್ಲ. ಹೆಗಲ ಮೇಲೆ ಹೊತ್ತದ್ದು, ಕಿವಿ ಹಿಡಿದದ್ದು, ಹಾಲು, ಮುದುಕಿ, ಎಲ್ಲ ನೆನಪಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನೆಮ್ಮದಿಯಾಗಿರು.

ಚಿತ್ರವನ್ನು ಅಂಚೆಯಲ್ಲಿ ಹಾಕುವುದಿಲ್ಲ, ಸುರುಳಿ ಸುತ್ತಿ ರಾಬರ್ಟ್ ಸ್ನೇಹಿತರಾದ ಆ ಹಡಗಿನ ಕಪ್ತಾನರ ಕೈಯಲ್ಲಿ ಕೊಡುತ್ತಿದ್ದೇನೆ. ಬಂದ ಕೂಡಲೇ ಬಿಚ್ಚಿ ಭಾರದ ಪುಸ್ತಕದ ಕೆಳಗಿಡು. ಬಣ್ಣ ಹಾಕಲು ಹೋಗಬೇಡ, ನಿನ್ನ ಕೈ ತುರಿಸುತ್ತದೆ ಅಂತ ನನಗೆ ಗೊತ್ತು.

ಇನ್ನು ನೀನು ಬರುವ ಮಾತು. ಜೂನ್‌ನಲ್ಲಿ ಬೇಡ, ಸಿಸ್ಲಿ. ಪಟ್ಟಾಭಿಷೇಕಕ್ಕೆಂದು ಊರಿಗೆ ಊರೇ ಇಲ್ಲಿಗೆ ಬರುತ್ತದಂತೆ, ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚಿಕ್ಕವನನ್ನು ಕಟ್ಟಿಕೊಂಡು ಹಡಗಿನಲ್ಲಿ ಅಷ್ಟು ದೂರ ಬರುವುದು ಸುಲಭವಲ್ಲ. ಮೇಲಿನ ಕೋಣೆಯ ಸೂರು ಸೋರುತ್ತದೆ, ಅದನ್ನು ಸರಿ ಮಾಡಿಸಬೇಕು. ಚಳಿಗಾಲ ಕಳೆಯಲಿ, ಮುಂದಿನ ವಸಂತಕ್ಕೆ ನೋಡೋಣ. ಬೇಜಾರು ಮಾಡಿಕೊಳ್ಳಬೇಡ.

ರಾಬರ್ಟ್‌ಗೆ ನನ್ನ ನಮಸ್ಕಾರ ತಿಳಿಸು, ಮರದ ವ್ಯಾಪಾರ ಚೆನ್ನಾಗಿ ನಡೆಯಲಿ. ದೊಡ್ಡವಳಿಗೆ ಓದು ಬರಹ ತಪ್ಪಿಸಬೇಡ. ಚಿಕ್ಕವನ ಹಣೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ನಿಮ್ಮ ಮನೆಯಲ್ಲಿ ಬೆಂಕಿ ಆರದಿರಲಿ, ರೊಟ್ಟಿ ತೀರದಿರಲಿ, ದೇವರು ನಿಮ್ಮೆಲ್ಲರನ್ನೂ ಕಣ್ಣಿಟ್ಟು ಕಾಯಲಿ.

ನಿನ್ನ ಪ್ರೀತಿಯ ಅಕ್ಕ,
ಹೆಸ್ಟರ್

ತಾ.ಕ. — ಮಡಚಿ ಅರಗು ಹಚ್ಚಲು ಹೊರಟವಳು ಮತ್ತೆ ಬಿಚ್ಚಿದೆ. ಹಾಳೆಯಲ್ಲಿ ಜಾಗವಿಲ್ಲ, ಬರೆದದ್ದರ ಮೇಲೇ ಅಡ್ಡಡ್ಡ ಬರೆಯುತ್ತಿದ್ದೇನೆ. ಕಾಗದ ತಿರುಗಿಸಿಕೊಂಡು ಓದು. ಒಬ್ಬಳೇ ಇರುವಾಗ ಓದು.

ಸೂರು ಸೋರುವುದು ನಿಜ. ಆದರೆ ಬರಬೇಡ ಅಂದದ್ದು ಅದಕ್ಕಲ್ಲ. ಅಪ್ಪ ನಿನ್ನ ವಿಷಯ ಮಾತಾಡುತ್ತಾರೆ ಎಂದು ಬರೆದೆ. ಅವರು ನಿನ್ನ ಹತ್ತಿರವೇ ಮಾತಾಡುತ್ತಾರೆ. ಹೋದ ಶರತ್ಕಾಲದಿಂದ ನಾನು ಅವರಿಗೆ ಸಿಸ್ಲಿ. ಮೊದಮೊದಲು 'ಇಲ್ಲಪ್ಪ, ನಾನು ಹೆಸ್ಟರ್' ಅನ್ನುತ್ತಿದ್ದೆ. ಹಾಗಂದಾಗಲೆಲ್ಲ ಯಾರೋ ಹೊರಗಿನವಳು ಮನೆಗೆ ನುಗ್ಗಿದ್ದಾಳೆ ಅನ್ನುವ ಹಾಗೆ ಹೆದರಿ ಗೋಡೆಗೆ ಒರಗಿಬಿಡುತ್ತಿದ್ದರು. ಒಂದು ದಿನ ಊಟವನ್ನೇ ಮುಟ್ಟಲಿಲ್ಲ. ಆಮೇಲೆ ನಾನು ತಿದ್ದುವುದು ಬಿಟ್ಟೆ. ಸಿಸ್ಲಿ ಎಂದು ಕರೆದರೆ ಓಗೊಡುತ್ತೇನೆ. ನೀನು ಬಂದು ಬಾಗಿಲಲ್ಲಿ ನಿಂತರೆ ನಮ್ಮಿಬ್ಬರಲ್ಲಿ ಒಬ್ಬಳು ಆ ಹೊರಗಿನವಳು ಆಗಬೇಕಾಗುತ್ತದೆ. ನೀನಾದರೆ ನಿನಗೆ ಸಹಿಸುವುದಕ್ಕೆ ಆಗುವುದಿಲ್ಲ. ನಾನಾದರೆ ನನಗೂ ಆಗುವುದಿಲ್ಲ.

ಹೊಳೆಯ ದಿನ ನೀನು ಅಲ್ಲಿರಲಿಲ್ಲ. ನಿನಗೆ ನಾಯಿಕೆಮ್ಮು ಬಂದು ಹ್ಯಾಂಪ್‌ಸ್ಟೆಡ್‌ನಲ್ಲಿ ಅತ್ತೆಯ ಮನೆಯಲ್ಲಿ ಬಿಟ್ಟಿದ್ದರು, ಇನ್ನೂ ತೊದಲು ಮಾತಾಡುತ್ತಿದ್ದೆ. ಹೆಗಲ ಮೇಲಿದ್ದವಳು ನಾನು. ಅಪ್ಪ ನನ್ನನ್ನು ಎತ್ತಿಕೊಂಡದ್ದು ನನಗೆ ನೆನಪಿರುವುದು ಅದೊಂದೇ ಸಲ. ಇದನ್ನು ನಿನ್ನಿಂದ ಕಿತ್ತುಕೊಳ್ಳಲು ಬರೆಯುತ್ತಿಲ್ಲ. ನೀನೇ ಇಟ್ಟುಕೊ, ಅಪ್ಪನೇ ಕೊಟ್ಟದ್ದು. ಆದರೆ ಬಹಳ ನೋವಾಯಿತು, ಸಿಸ್ಲಿ. ನಿನ್ನ ಹತ್ತಿರ ಹೇಳದೆ ಇನ್ನಾರ ಹತ್ತಿರ ಹೇಳಲಿ?

ಅವತ್ತು ಕಥೆ ಮುಗಿದ ಮೇಲೆ, ಜೋಬ್ ಹೋದ ಮೇಲೆ, ಅಪ್ಪ ನನ್ನನ್ನು ಕೇಳಿದರು: 'ನಿಮ್ಮಕ್ಕ ಎಲ್ಲಿ? ಆ ವಾರ್ನಿಶ್ ಹಚ್ತಿದ್ಲಲ್ಲ, ದೊಡ್ಡೋಳು?' 'ಮದುವೆಯಾಗಿ ಲೀತ್‌ನಲ್ಲಿದಾಳಪ್ಪ. ಚೆನ್ನಾಗಿದಾಳೆ' ಅಂದೆ. 'ಹೋದೋಳು ಒಂದು ಕಾಗದಾನೂ ಹಾಕಲಿಲ್ವಲ್ಲ' ಅಂದರು. ತಿಂಡಿ ತಿಂದದ್ದು ಮರೆಯುವ ಮನುಷ್ಯ ಇದನ್ನು ಮಾತ್ರ ಮರೆಯುತ್ತಿಲ್ಲ. ಬೀದಿಯಲ್ಲಿ ಅಂಚೆಯವನ ಗಂಟೆ ಕೇಳಿದರೆ ಸಾಕು, ಬಾಗಿಲಿಗೆ ಹೋಗಿ ನಿಲ್ಲುತ್ತಾರೆ.

ಇಲ್ಲೇ ಕೂತು ನಾನೇ ಬರೆದುಕೊಟ್ಟರೆ ನಡೆಯುವುದಿಲ್ಲ, ಮಡಚಿದ ಕಾಗದದ ಮೇಲೆ ಅಂಚೆಯ ಮುದ್ರೆ ಹುಡುಕುತ್ತಾರೆ. ಅದಕ್ಕೇ ನೀನು ಬರುವುದು ಬೇಡ, ಅಲ್ಲಿಂದ ಅಪ್ಪನಿಗೆ ಒಂದು ಕಾಗದ ಬರೆ. ನಾಲ್ಕು ಸಾಲು ಸಾಕು. ಸುಖವಾಗಿದ್ದೇನೆ, ನಿಮ್ಮನ್ನು ಮರೆತಿಲ್ಲ ಅಂತ ಬರೆದು, ಕೆಳಗೆ ನನ್ನ ಹೆಸರು ಹಾಕು. ನಾನೇ ಅವರಿಗೆ ಓದಿ ಹೇಳುತ್ತೇನೆ.